ತೊಗರಿಗೆ ನೆಟೆ, ಬಾಳೆಗೆ ಪನಾಮಾ

ಜೇವರ್ಗಿ ತಾಲ್ಲೂಕಿನ ಅಂದೋಲಾ ಸೀಮೆಯ ಎರೆಹೊಲಗಳಲ್ಲಿ ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ರೈತರು ಹೆದರುವುದು ಎರಡಕ್ಕೆ. ಒಂದು, ಕಾಯಿಕೊರಕ ಹುಳು. ಅದು ಕಣ್ಣಿಗೆ ಕಾಣುವ ಶತ್ರು. ಔಷಧಿಗೆ ಜಗ್ಗದಿದ್ದರೆ ಗಿಡವನ್ನು ಅಲುಗಾಡಿಸಿ, ಕೆಳಗೆ ಹಾಸಿದ ತಾಡಪತ್ರಿಯ ಮೇಲೆ ಬೀಳಿಸಿ ಕೊಲ್ಲಬಹುದು. ಇನ್ನೊಂದು ನೆಟೆ ರೋಗ. ಇದು ಕಣ್ಣಿಗೆ ಬೀಳುವುದು ಎಲ್ಲ ಮುಗಿದ ಮೇಲೆ. ನಿನ್ನೆ ಹಸಿರಾಗಿದ್ದ ಗಿಡ ಇಂದು ಬಾಡುತ್ತದೆ, ನಾಲ್ಕು ದಿನದಲ್ಲಿ ಹೂ, ಕಾಯಿ ಸಮೇತ ನಿಂತಲ್ಲೇ ಒಣಗುತ್ತದೆ. ತೊಗಟೆ ಸುಲಿದು ನೋಡಿದರೆ ಒಳಗೆ ಬುಡದಿಂದ ಮೇಲಕ್ಕೆ ಹೋದ ಕಪ್ಪು ಗೆರೆ. ಮಳೆ ಸಾಲದೆ ಒಣಗಿತೆನ್ನಲು ಕಾಲ ಕೆಳಗೆ ಮಣ್ಣು ಹಸಿಯಾಗಿಯೇ ಇರುತ್ತದೆ.

2022ರ ಮುಂಗಾರು ಹಂಗಾಮಿನಲ್ಲಿ ಅತಿವೃಷ್ಟಿಯ ಬೆನ್ನಿಗೆ ಬಂದ ನೆಟೆ ರೋಗ ಕಲಬುರಗಿ ಜಿಲ್ಲೆಯ ತೊಗರಿಯನ್ನು ದೊಡ್ಡ ಪ್ರಮಾಣದಲ್ಲಿ ಒಣಗಿಸಿತು. 2023ರ ಆರಂಭದಲ್ಲಿ ರಾಜ್ಯ ಸರ್ಕಾರ ಹೆಕ್ಟೇರಿಗೆ 10 ಸಾವಿರ ರೂಪಾಯಿಯಂತೆ ಪರಿಹಾರ ಪ್ರಕಟಿಸಬೇಕಾಯಿತು. ‘ತೊಗರಿಯ ಕಣಜ’ ಎನಿಸಿಕೊಂಡ ಜಿಲ್ಲೆಗೆ ಈ ರೋಗ ಹೊಸದಲ್ಲ.

ನೆಟೆಗೆ ಕಾರಣವಾದ ಶಿಲೀಂಧ್ರ ಫ್ಯೂಸೇರಿಯಂ ಎಂಬ ಕುಲಕ್ಕೆ ಸೇರಿದ್ದು. ಇದೇ ಕುಲದ ಇನ್ನೊಂದು ಶಿಲೀಂಧ್ರ ಬಾಳೆಯನ್ನು ಕಾಡುತ್ತದೆ. ನಂಜನಗೂಡಿನ ರಸಬಾಳೆಯನ್ನು ಅಳಿವಿನ ಅಂಚಿಗೆ ತಂದದ್ದು, ಮಧ್ಯ ಅಮೆರಿಕದ ದೊಡ್ಡ ಬಾಳೆ ಕಂಪನಿಗಳನ್ನು ಕಣಿವೆಯಿಂದ ಕಣಿವೆಗೆ ಓಡಿಸಿದ್ದು ಅದೇ. ತೊಗರಿಯದು ಬಾಳೆಗೆ ಹತ್ತುವುದಿಲ್ಲ, ಬಾಳೆಯದು ತೊಗರಿಗೆ ಹತ್ತುವುದಿಲ್ಲ. ಆದರೆ ಇಬ್ಬರ ಕೆಲಸದ ರೀತಿ ಒಂದೇ. ಹೀಗಿದ್ದೂ ತೊಗರಿ ಆ ರೋಗದಿಂದ ಮತ್ತೆ ಮತ್ತೆ ತಪ್ಪಿಸಿಕೊಂಡಿದೆ, ರಸಬಾಳೆಗೆ ಸಾಧ್ಯವಾಗಲಿಲ್ಲ. ಭೀಮಾ ತೀರದಲ್ಲಿ ಬಾಳೆ ಬೆಳೆಯುವವರಿಗೂ ಕಮಲಾಪುರದಲ್ಲಿ ಕೆಂಪು ಬಾಳೆ ಉಳಿಸಿಕೊಂಡವರಿಗೂ ಈ ವ್ಯತ್ಯಾಸದ ಕಥೆ ದೂರದ್ದಲ್ಲ.

ಪೂಸಾದಲ್ಲಿ ಸಿಕ್ಕ ಸುಳಿವು

ತೊಗರಿ ಏಕೆ ನಿಂತಲ್ಲೇ ಒಣಗುತ್ತದೆ ಎಂಬ ಪ್ರಶ್ನೆಯನ್ನು ವಿಜ್ಞಾನದ ಕಣ್ಣಿನಿಂದ ಮೊದಲು ನೋಡಿದವರು ಐರ್ಲೆಂಡಿನ ಇ.ಜೆ. ಬಟ್ಲರ್. 1901ರಲ್ಲಿ ಭಾರತಕ್ಕೆ ಬಂದ ಇವರು, 1905ರಲ್ಲಿ ಬಿಹಾರದ ಪೂಸಾದಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಸ್ಥಾಪನೆಯಾದಾಗ ಅಲ್ಲಿನ ಶಿಲೀಂಧ್ರ ತಜ್ಞರಾದರು. 1906ರಲ್ಲಿ ತೊಗರಿಯ ಸೊರಗು ರೋಗದ ಬಗ್ಗೆ ಬರೆದರು, 1910ರಲ್ಲಿ ವಿಸ್ತಾರವಾದ ಅಧ್ಯಯನ ಪ್ರಕಟಿಸಿ ಶಿಲೀಂಧ್ರಕ್ಕೆ ಫ್ಯೂಸೇರಿಯಂ ಉಡಂ ಎಂದು ಹೆಸರಿಟ್ಟರು.

ಅವರಿಗೆ ಸಿಕ್ಕ ಸುಳಿವು ಸರಳವಾಗಿತ್ತು. ರೋಗ ಗಾಳಿಯಿಂದ ಎಲೆಗೆ ಬಂದದ್ದಲ್ಲ, ಮಣ್ಣಿನಿಂದ ಬೇರಿಗೆ ಬಂದದ್ದು. ಎಳೆ ಬೇರಿನ ಮೂಲಕ ಒಳಹೊಕ್ಕ ಶಿಲೀಂಧ್ರ, ನೀರು ಸಾಗಿಸುವ ನಾಳಗಳಲ್ಲಿ ಮೇಲಕ್ಕೇರುತ್ತದೆ. ಗಿಡವೂ ಸುಮ್ಮನಿರುವುದಿಲ್ಲ. ಶತ್ರು ಮುಂದೆ ಹೋಗದಂತೆ ನಾಳದೊಳಗೆ ಅಂಟು ಸುರಿಸಿ ತಡೆಗೋಡೆ ಕಟ್ಟುತ್ತದೆ. ಆ ಗೋಡೆ ಶಿಲೀಂಧ್ರದ ಜೊತೆಗೆ ನೀರನ್ನೂ ತಡೆಯುತ್ತದೆ. ಹಸಿ ಮಣ್ಣಿನಲ್ಲಿ ನಿಂತ ಗಿಡ ಬಾಯಾರಿ ಸಾಯುವುದು ಹೀಗೆ. ಬಟ್ಟಲು ತುಂಬ ನೀರಿದ್ದೂ ಗಂಟಲು ಕಟ್ಟಿದವನ ಪಾಡು ಅದರದು.

ಸತ್ತ ಗಿಡದ ಬುಡ, ಬೇರು ಮಣ್ಣಿನಲ್ಲಿ ಉಳಿದರೆ ಶಿಲೀಂಧ್ರವೂ ವರ್ಷಗಳ ಕಾಲ ಅಲ್ಲೇ ಉಳಿಯುತ್ತದೆ. ಬರುವ ವರ್ಷ ಅದೇ ಹೊಲಕ್ಕೆ ತೊಗರಿ ಹಾಕಿದರೆ ಊಟ ಬಾಗಿಲಿಗೇ ಬಂದಂತೆ. ಜೋಳದ ಜೊತೆ ತೊಗರಿಯನ್ನು ಅಕ್ಕಡಿಯಾಗಿ ಹಾಕುವ, ಒಂದು ವರ್ಷ ಜೋಳ, ಒಂದು ವರ್ಷ ತೊಗರಿ ಎಂದು ಹೊಲ ಬದಲಿಸುವ ಹಳೆಯ ಪದ್ಧತಿಯಲ್ಲಿ ನೆಟೆ ಕಡಿಮೆ ಎಂಬುದನ್ನು ಪ್ರಯೋಗಗಳೂ ತೋರಿಸಿವೆ. ಧಾರಣೆಯ ಆಸೆಗೆ ತೊಗರಿಯ ಮೇಲೆ ತೊಗರಿ ಬಿತ್ತಿದ ಹೊಲಗಳಲ್ಲಿ ರೋಗ ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ.

ಮೊದಲು ಬಿದ್ದದ್ದು ರಸಬಾಳೆಯ ನೆಂಟ

ಬಾಳೆಯ ಸೊರಗು ರೋಗಕ್ಕೆ ಪನಾಮಾ ಎಂಬ ಹೆಸರು ಬಂದದ್ದು ಮಧ್ಯ ಅಮೆರಿಕದ ಆ ಪುಟ್ಟ ದೇಶದಿಂದ. ಆದರೆ ಅದನ್ನು ಮೊದಲು ಗುರುತಿಸಿದ್ದು ಅಲ್ಲಿ ಅಲ್ಲ. 1874ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ಬಳಿ ಜೋಸೆಫ್ ಬ್ಯಾಂಕ್ರಾಫ್ಟ್ ಎಂಬ ವೈದ್ಯರು ಈ ರೋಗ ಕಂಡು ದಾಖಲಿಸಿದರು. ಅಲ್ಲಿ ಸೊರಗಿದ್ದು ‘ಶುಗರ್’ ಎಂಬ ಬಾಳೆ. ಸಸ್ಯಶಾಸ್ತ್ರದಲ್ಲಿ ಇದು ‘ಸಿಲ್ಕ್’ ಗುಂಪಿನದು. ತಮಿಳುನಾಡಿನ ರಸ್ತಾಳಿ, ನಮ್ಮ ರಸಬಾಳೆ ಇದೇ ಗುಂಪಿಗೆ ಸೇರಿದವು. ರೋಗದ ಮೊದಲ ದಾಖಲೆಯೇ ರಸಬಾಳೆಯ ನೆಂಟನ ಮರಣಪತ್ರವಾಗಿತ್ತು ಎಂಬುದನ್ನು ಆಗ ನಂಜನಗೂಡಿನಲ್ಲಿ ಯಾರೂ ತಿಳಿದಿರಲು ಸಾಧ್ಯವಿರಲಿಲ್ಲ.

1890ರ ಸುಮಾರಿಗೆ ಕೋಸ್ಟರಿಕಾ, ಪನಾಮಾಗಳಲ್ಲಿ ರೋಗ ಕಾಣಿಸಿತು. 1910ರಲ್ಲಿ ಅಮೆರಿಕದ ಎರ್ವಿನ್ ಸ್ಮಿತ್, ಕ್ಯೂಬಾದಿಂದ ಬಂದ ಬಾಳೆಯಲ್ಲಿ ಶಿಲೀಂಧ್ರವನ್ನು ಗುರುತಿಸಿ ಫ್ಯೂಸೇರಿಯಂ ಕ್ಯೂಬೆನ್ಸ್ ಎಂದು ಕರೆದರು. ಪೂಸಾದಲ್ಲಿ ಬಟ್ಲರ್ ತೊಗರಿಯ ಶಿಲೀಂಧ್ರಕ್ಕೆ ಹೆಸರಿಟ್ಟ ವರ್ಷವೇ ಇದು.

ಆಗ ಜಗತ್ತಿನ ಬಾಳೆ ವ್ಯಾಪಾರವೆಂದರೆ ಗ್ರೋಸ್ ಮಿಶೆಲ್ ಎಂಬ ಒಂದೇ ತಳಿ. ದಪ್ಪ ಸಿಪ್ಪೆ, ದೊಡ್ಡ ಗೊನೆ, ಹಡಗಿನಲ್ಲಿ ಎಸೆದಾಡಿದರೂ ಕೆಡದ ಹಣ್ಣು. ಯುನೈಟೆಡ್ ಫ್ರೂಟ್‌ನಂಥ ಕಂಪನಿಗಳು ಮಧ್ಯ ಅಮೆರಿಕದ ಕಾಡು ಕಡಿದು, ರೈಲು ಹಾಕಿ, ಕಣ್ಣು ಹಾಯಿಸಿದಷ್ಟೂ ಇದನ್ನೇ ನೆಟ್ಟವು. ರೋಗ ಬಂದ ತೋಟ ಬಿಟ್ಟು ಮುಂದಿನ ಕಣಿವೆಗೆ ಹೋಗುವುದೇ ಅವರ ಉಪಾಯವಾಗಿತ್ತು. ನೆಡಲು ಕೊಂಡೊಯ್ದ ಕಂದಿನಲ್ಲೇ ರೋಗ ಜೊತೆಗೆ ಹೋಯಿತು. ಹೊಂಡುರಾಸಿನಲ್ಲಿ ತೋಟಗಳಿಗೆ ಒಡ್ಡು ಕಟ್ಟಿ, ತಿಂಗಳುಗಟ್ಟಲೆ ನೀರು ನಿಲ್ಲಿಸಿ ಮಣ್ಣನ್ನು ಉಸಿರುಗಟ್ಟಿಸಿ ನೋಡಿದ್ದೂ ಉಂಟು. ನೀರು ಇಳಿದ ಕೆಲವೇ ವರ್ಷಗಳಲ್ಲಿ ರೋಗ ಮರಳಿ ಬಂತು. ದಪ್ಪ ಗೋಡೆಯ ಅದರ ಬೀಜಕಣ ಬಾಳೆ ಇಲ್ಲದೆಯೂ ಮಣ್ಣಿನಲ್ಲಿ ದಶಕಗಳ ಕಾಲ ಕಾಯಬಲ್ಲದು. ಸುಮಾರು 40 ಸಾವಿರ ಹೆಕ್ಟೇರ್ ತೋಟ ಹಾಳಾದ ಮೇಲೆ, 1960ರ ಹೊತ್ತಿಗೆ ಕಂಪನಿಗಳು ಸೋಲೊಪ್ಪಿ ಕ್ಯಾವೆಂಡಿಶ್ ಗುಂಪಿನ ಬಾಳೆಗೆ ಬದಲಾದವು. ಅದಕ್ಕೆ ಆಗಿನ ಪನಾಮಾ ರೋಗ ಹತ್ತುತ್ತಿರಲಿಲ್ಲ. ನಮ್ಮ ಪಚ್ಚಬಾಳೆ, ಇಂದು ಎಲ್ಲೆಡೆ ಕಾಣುವ ಜಿ-9 ಎರಡೂ ಈ ಗುಂಪಿನವೇ.

ಕಂಪನಿಗಳಿಗೆ ತಳಿ ಬದಲಿಸುವುದು ಲೆಕ್ಕಾಚಾರದ ಮಾತು. ಹಣ್ಣಿನ ಹೆಸರೇ ಊರಿನ ಹೆಸರಾಗಿರುವಲ್ಲಿ ಹಾಗಾಗುವುದಿಲ್ಲ.

ದೇವರಸನಹಳ್ಳಿಯ ಮಣ್ಣು

ಶಾಲೆಯ ಪಠ್ಯದಲ್ಲಿ ಹಣ್ಣು ಮಾರುವವನ ಪದ್ಯ ಓದಿದ ಎಲ್ಲರಿಗೂ ನಂಜನಗೂಡಿನ ರಸಬಾಳೆ ಗೊತ್ತು, ತಿಂದವರು ಕಡಿಮೆ. (ಅದೇ ಪದ್ಯದಲ್ಲಿ ಬರುವ ಕೊಡಗಿನ ಕಿತ್ತಳೆಯೂ ರೋಗಗಳಿಂದಲೇ ಸೊರಗಿತು. ಅದರದು ಬೇರೆ ಕಥೆ.) ಕಪಿಲಾ ನದಿಯ ದಡದ ನಂಜನಗೂಡು, ಪಕ್ಕದ ದೇವರಸನಹಳ್ಳಿ ಮತ್ತು ಸುತ್ತಲಿನ ಕಪ್ಪು ಜೇಡಿಮಣ್ಣಿನಲ್ಲಿ ಬೆಳೆದ ರಸಬಾಳೆಗೆ ಇರುವ ಪರಿಮಳ ಬೇರೆಡೆ ಬೆಳೆದದ್ದಕ್ಕೆ ಇಲ್ಲ ಎನ್ನುವುದು ಅಲ್ಲಿನವರ ಹೆಮ್ಮೆ. ಒಂದು ಕಾಲಕ್ಕೆ ನೂರಾರು ಎಕರೆಯಲ್ಲಿದ್ದ ಈ ಬೆಳೆ ಹತ್ತಾರು ಎಕರೆಗೆ ಇಳಿಯಿತು. ಮುಖ್ಯ ಕಾರಣ ಪನಾಮಾ ಸೊರಗು ರೋಗ.

ರೋಗ ಬಂದ ಬಾಳೆಯನ್ನು ಗುರುತಿಸುವುದು ಕಷ್ಟವಲ್ಲ. ಹಳೆಯ ಎಲೆಗಳ ಅಂಚು ಹಳದಿಯಾಗುತ್ತದೆ. ದಂಟು ಬುಡದಲ್ಲಿ ಮುರಿದು ಎಲೆಗಳು ದಿಂಡಿನ ಸುತ್ತ ಲಂಗದ ಹಾಗೆ ಜೋತುಬೀಳುತ್ತವೆ. ಕೆಲವೊಮ್ಮೆ ದಿಂಡು ಬುಡದ ಬಳಿ ಉದ್ದಕ್ಕೆ ಸೀಳುತ್ತದೆ. ಅಡ್ಡ ಕತ್ತರಿಸಿದರೆ ಒಳಗೆ ಕೆಂಗಂದು ಚುಕ್ಕೆಗಳ ಉಂಗುರ. ಆ ಗಿಡದ ಹಣ್ಣು ತಿಂದವರಿಗೆ ಏನೂ ಆಗದು. ಆದರೆ ಹಣ್ಣು ಬಲಿಯುವುದೇ ಅಪರೂಪ. ಪಕ್ಕದಲ್ಲಿ ಎದ್ದ ಕಂದು ಮಾತ್ರ ನೋಡಲು ಹಸಿರಾಗಿ, ಪುಷ್ಟವಾಗಿ ಇರುತ್ತದೆ. ರೈತ ಅದನ್ನೇ ಅಗೆದು ಮುಂದಿನ ಪಾತಿಗೆ ನೆಡುತ್ತಾನೆ, ಕೇಳಿದ ನೆಂಟರಿಗೂ ಕೊಡುತ್ತಾನೆ. ಕೊಡುವವನಿಗೂ ಪಡೆಯುವವನಿಗೂ ಗೊತ್ತಿಲ್ಲದೆ ರೋಗ ಕೈ ಬದಲಿಸುತ್ತದೆ.

ರಸಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ತೋಟಗಾರಿಕೆ ಇಲಾಖೆ ಅಂಗಾಂಶ ಕೃಷಿಯ ಸಸಿ ಕೊಟ್ಟು ಬೆಳೆ ಹೆಚ್ಚಿಸಲು ಯತ್ನಿಸಿದೆ. ಇಲ್ಲಿ ಒಂದು ಇಕ್ಕಟ್ಟಿದೆ, ಅದನ್ನು ಯಾವ ಮಾನ್ಯತಾ ಪತ್ರವೂ ಬಿಡಿಸಲಾರದು. ಭೌಗೋಳಿಕ ಸೂಚಿ ಹಣ್ಣನ್ನು ಒಂದು ಮಣ್ಣಿಗೆ ಕಟ್ಟಿಹಾಕುತ್ತದೆ. ಆ ಮಣ್ಣಿನಲ್ಲೇ ರೋಗ ಕೂತಿದೆ. ಪ್ರಯೋಗಾಲಯದಿಂದ ಬಂದ ಸಸಿ ಎಷ್ಟೇ ಶುದ್ಧವಾಗಿದ್ದರೂ ಬೇರು ಬಿಡಬೇಕಾದದ್ದು ಆ ನೆಲದಲ್ಲಿ. ಶುದ್ಧ ನೆಲ ಹುಡುಕಿ ಬೇರೆ ಜಿಲ್ಲೆಗೆ ಹೋದರೆ ರಸಬಾಳೆ ಬೆಳೆಯಬಹುದು, ‘ನಂಜನಗೂಡಿನ’ ಎಂಬ ಮಾತು ಉಳಿಯುವುದಿಲ್ಲ. ಅನೇಕರು ಏಲಕ್ಕಿ ಬಾಳೆಗೆ ತಿರುಗಿದರು. ಅದಕ್ಕೂ ಈ ಸೊರಗು ರೋಗ ಬಿಟ್ಟಿಲ್ಲ.

ಕಂದಿನ ಜೊತೆ ಹೋಗುವುದು ಶಿಲೀಂಧ್ರ ಒಂದೇ ಅಲ್ಲ. ಗೆಡ್ಡೆ ಕೊರೆಯುವ ಕಪ್ಪು ಸೊಂಡಿಲು ಕೀಟದ ಮೊಟ್ಟೆ, ಮರಿ ಕೂಡ ಅದರೊಳಗೆ ಕೂತು ಊರು ದಾಟುತ್ತವೆ. ಕತ್ತರಿಸಿದ ದಿಂಡಿನ ತುಂಡುಗಳನ್ನು ಅಲ್ಲಲ್ಲಿ ಇಟ್ಟರೆ ಈ ಕೀಟಗಳು ಅದರಡಿ ಬಂದು ಸೇರುತ್ತವೆ, ಹಿಡಿದು ಕೊಲ್ಲಬಹುದು. ಬಂಚಿ ಟಾಪ್ ಎಂಬ ನಂಜುರೋಗದ್ದು ಇನ್ನೂ ಸೂಕ್ಷ್ಮ. ಎಲೆಗಳು ಕಿರಿದಾಗಿ, ನೆಟ್ಟಗೆ, ತುದಿಯಲ್ಲಿ ಗೊಂಚಲಾಗಿ ನಿಲ್ಲುತ್ತವೆ, ಗೊನೆ ಬರುವುದಿಲ್ಲ. 1889ರಲ್ಲಿ ಫಿಜಿಯಲ್ಲಿ ಕಂಡ ಈ ರೋಗ 1913ರಲ್ಲಿ ಸಿಲೋನಿಗೆ, 1940ರ ಸುಮಾರಿಗೆ ಅಲ್ಲಿಂದ ಕೇರಳಕ್ಕೆ ಬಂತು. ಸಮುದ್ರ ದಾಟಿಸಿದ್ದು ಕಂದು. ಒಂದು ತೋಟದೊಳಗೆ ಗಿಡದಿಂದ ಗಿಡಕ್ಕೆ ಹರಡಿದ್ದು ಬಾಳೆಯ ಸಸ್ಯಹೇನು. ತಮಿಳುನಾಡಿನ ಪಳನಿ ಬೆಟ್ಟಗಳ ವಿರೂಪಾಕ್ಷಿ ಬಾಳೆ ಇದಕ್ಕೆ ತುತ್ತಾಗಿ ಬಹಳ ಕುಗ್ಗಿತು.

ತೊಗರಿಗಿದ್ದ ಬೀಜ

ಹಾಗಾದರೆ ತೊಗರಿ ಬದುಕಿಕೊಂಡದ್ದು ಹೇಗೆ?

ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸಾಟ್ ಸಂಸ್ಥೆ ತೊಗರಿಯನ್ನು ತನ್ನ ಮುಖ್ಯ ಬೆಳೆಗಳಲ್ಲಿ ಒಂದಾಗಿ ಆರಿಸಿಕೊಂಡಿತು. ಅಲ್ಲಿನ ವಿಜ್ಞಾನಿಗಳು ಮಾಡಿದ ಕೆಲಸ ರೈತನಿಗೆ ಹುಚ್ಚೆನಿಸಬಹುದು. ನೆಟೆ ಬಂದು ಸತ್ತ ಗಿಡಗಳನ್ನು ಕೊಚ್ಚಿ ಮಣ್ಣಿಗೆ ಸೇರಿಸಿ, ಬೇಕೆಂದೇ ರೋಗದ ಹೊಲ ತಯಾರಿಸಿದರು. ಬೇರೆ ಬೇರೆ ಕಡೆಯಿಂದ ತಂದ ಸಾವಿರಾರು ಬಗೆಯ ತೊಗರಿ ಬೀಜವನ್ನು ಆ ಹೊಲದಲ್ಲಿ ಬಿತ್ತಿ ನೋಡಿದರು. ಬಹುಪಾಲು ಸತ್ತವು. ಬದುಕಿದ ಬೆರಳೆಣಿಕೆಯ ಸಾಲುಗಳಿಂದ ಬೀಜ ಆಯ್ದು, ಮತ್ತೆ ಅಲ್ಲೇ ಬಿತ್ತಿದರು. ಹೀಗೆ ಗಟ್ಟಿಯಾಗಿ ನಿಂತ ಐಸಿಪಿ 8863 ಎಂಬ ಸಾಲು, ‘ಮಾರುತಿ’ ಎಂಬ ಹೆಸರಿನಿಂದ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಕಲಬುರಗಿ, ಬೀದರ್ ಭಾಗದ ಎರೆಹೊಲಗಳಲ್ಲಿ ಅದು ಹಬ್ಬಿದ ವೇಗಕ್ಕೆ ಪ್ರಚಾರಕ್ಕಿಂತ ಪಕ್ಕದ ಹೊಲವೇ ಕಾರಣ. ತನ್ನದು ಒಣಗಿ ಪಕ್ಕದವನದು ಹಸಿರಾಗಿ ನಿಂತರೆ ಯಾವ ರೈತನೂ ಬೀಜ ಕೇಳದೆ ಇರಲಾರ. ತೊಗರಿಯ ಬೀಜ ಮನೆಯಲ್ಲೇ ಕಟ್ಟಿಡಬಹುದಾದ್ದರಿಂದ ಸೇರು, ಪಡಿ ಲೆಕ್ಕದಲ್ಲಿ ಅದು ಊರಿಂದೂರಿಗೆ ದಾಟಿತು. 1990ರ ದಶಕದ ಆರಂಭದ ಸಮೀಕ್ಷೆಯೊಂದರಲ್ಲಿ, ಉತ್ತರ ಕರ್ನಾಟಕದ ಅಧ್ಯಯನ ಪ್ರದೇಶದ ಅರ್ಧಕ್ಕೂ ಹೆಚ್ಚು ತೊಗರಿ ಮಾರುತಿಯೇ ಆಗಿತ್ತು.

ಮಾರುತಿಗೆ ಬಲಹೀನತೆ ಇರಲಿಲ್ಲವೆಂದಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಹರಡುವ ಗೊಡ್ಡು ರೋಗಕ್ಕೆ ಅದು ಸುಲಭದ ತುತ್ತು. ಗಿಡ ಹಸಿರಾಗಿ ಬೆಳೆದು, ಹೂವೇ ಬಿಡದೆ ಬಂಜೆಯಾಗುವ ರೋಗ ಅದು. ಅದಕ್ಕೆ ಉತ್ತರವಾಗಿ 1993ರಲ್ಲಿ ‘ಆಶಾ’ ಬಂತು. ಮುಂದೆ ಟಿಎಸ್-3ಆರ್, ಜಿಆರ್‌ಜಿ-811 ಮೊದಲಾದವು ಬಂದವು. ರೋಗ ಒಂದು ಹೆಜ್ಜೆ ಮುಂದಿಟ್ಟರೆ ಬೀಜ ಒಂದು ಹೆಜ್ಜೆ ಇಡುತ್ತದೆ. 2022ರ ಅನುಭವ ಹೇಳುವಂತೆ ಈ ಓಟದಲ್ಲಿ ಕೆಲವು ವರ್ಷ ರೋಗವೇ ಮುಂದಿರುತ್ತದೆ. ಆದರೂ ತೊಗರಿಗೆ ಓಡಲು ಕಾಲಿದೆ.

ಬಾಳೆಗೆ ಆ ಕಾಲೇ ಇಲ್ಲ. ತಿನ್ನುವ ಬಾಳೆಹಣ್ಣಿನೊಳಗೆ ಕಾಣುವ ಕಪ್ಪು ಚುಕ್ಕಿಗಳು ಬಲಿಯದೆ ಉಳಿದ ಬೀಜದ ಗುರುತು. ಬೀಜವಿಲ್ಲದ್ದರಿಂದಲೇ ಅದು ನಮಗೆ ರುಚಿಯಾದ ಹಣ್ಣಾಯಿತು. ಅದೇ ಕಾರಣಕ್ಕೆ ಒಂದು ತಳಿಯ ಗಿಡಗಳೆಲ್ಲ ಹೆಚ್ಚುಕಡಿಮೆ ಒಂದೇ ಗಿಡದ ನಕಲುಗಳು. ಒಂದಕ್ಕೆ ಹತ್ತುವ ರೋಗ ಎಲ್ಲಕ್ಕೂ ಹತ್ತುತ್ತದೆ. ಸಾವಿರ ಬಗೆಯ ರಸಬಾಳೆಯನ್ನು ರೋಗದ ಹೊಲದಲ್ಲಿ ನೆಟ್ಟು ಬದುಕಿದ್ದನ್ನು ಆರಿಸೋಣವೆಂದರೆ ಇರುವುದು ಒಂದೇ ಬಗೆ. ಟ್ರಿನಿಡಾಡಿನಲ್ಲಿ 1922ರಲ್ಲೇ ಪನಾಮಾ ರೋಗಕ್ಕಾಗಿ ಬಾಳೆಯ ತಳಿ ಸಂಕರಣ ಶುರುವಾಯಿತು. ನೂರು ವರ್ಷ ಕಳೆದರೂ ಗ್ರೋಸ್ ಮಿಶೆಲ್‌ನ ಜಾಗವನ್ನು ಸಂಕರಣದಿಂದ ಹುಟ್ಟಿದ ಯಾವ ಬಾಳೆಯೂ ತುಂಬಲಿಲ್ಲ. 2024ರಲ್ಲಿ ಆಸ್ಟ್ರೇಲಿಯಾ, ಕಾಡುಬಾಳೆಯ ಒಂದು ವಂಶವಾಹಿಯನ್ನು ಸೇರಿಸಿದ ಕ್ಯಾವೆಂಡಿಶ್ ಬಾಳೆಗೆ ಅನುಮತಿ ನೀಡಿತು. ಅದನ್ನು ಸದ್ಯಕ್ಕೆ ಮಾರುಕಟ್ಟೆಗೆ ಬಿಡುವ ಯೋಚನೆಯಿಲ್ಲ ಎಂದು ರೂಪಿಸಿದ ವಿಶ್ವವಿದ್ಯಾಲಯವೇ ಆಗ ಹೇಳಿತು.

ಕಮಲಾಪುರದ ಕೆಂಪು

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ದಾರಿಯಲ್ಲಿ ಕಮಲಾಪುರವಿದೆ. ಅಲ್ಲಿನ ಕೆಂಪು ಬಾಳೆಗೂ ಭೌಗೋಳಿಕ ಸೂಚಿ ಇದೆ. ಸಿಪ್ಪೆ ಕೆಂಪು, ತಿರುಳು ಕೆನೆಬಣ್ಣ, ವಿಶಿಷ್ಟ ಪರಿಮಳ. ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಗೊಬ್ಬರ, ನೀರು, ಆಳು ಎಲ್ಲ ಹೆಚ್ಚು. ಹೀಗಾಗಿ ಬೆಲೆಯೂ ಹೆಚ್ಚು. ‘ಶ್ರೀಮಂತರ ಹಣ್ಣು’ ಎಂಬ ಹೆಸರು ಬಿದ್ದದ್ದು ಅದರಿಂದಲೇ. ಕೆಂಪು ಬಾಳೆಯ ಜಾತಿ ಬಂಚಿ ಟಾಪ್, ಫ್ಯೂಸೇರಿಯಂ ಸೊರಗು, ಬೇರಿನ ಜಂತುಹುಳು ಮೂರಕ್ಕೂ ಬಲಿಯಾಗುವಂಥದ್ದು ಎಂದು ತೋಟಗಾರಿಕೆಯ ಕೈಪಿಡಿಗಳು ಎಚ್ಚರಿಸುತ್ತವೆ. ಜಿ-9 ಹಾಕಿದವನು ಒಂದು ವರ್ಷ ಕಳೆದುಕೊಂಡರೆ, ಕೆಂಪು ಬಾಳೆ ಹಾಕಿದವನು ಒಂದೂವರೆ ವರ್ಷ ಕಳೆದುಕೊಳ್ಳುತ್ತಾನೆ. ಹಣ್ಣಿನ ಹೆಸರು ಕಮಲಾಪುರದ್ದಾದ್ದರಿಂದ ನಂಜನಗೂಡಿನ ಇಕ್ಕಟ್ಟೇ ಇಲ್ಲಿಯದೂ ಆಗಬಹುದು.

ಜಿ-9ಕ್ಕೂ ನೆಮ್ಮದಿಯ ಕಾಲ ಮುಗಿದಿದೆ. 1960ರ ದಶಕದ ಕೊನೆಯಲ್ಲಿ ತೈವಾನಿನಲ್ಲಿ ಕ್ಯಾವೆಂಡಿಶ್ ಬಾಳೆಯೇ ಸೊರಗತೊಡಗಿತು. ಶಿಲೀಂಧ್ರದ ಹೊಸ ಬಗೆಯೊಂದು ಹುಟ್ಟಿಕೊಂಡಿತ್ತು. ಟಿಆರ್-4 ಎಂದು ಕರೆಯುವ ಇದು ಆಗ್ನೇಯ ಏಷ್ಯಾದಿಂದ ಆಸ್ಟ್ರೇಲಿಯಾಕ್ಕೆ, 2013ರಲ್ಲಿ ಮೊಜಾಂಬಿಕ್‌ಗೆ, 2019ರಲ್ಲಿ ಕೊಲಂಬಿಯಾಕ್ಕೆ, 2021ರಲ್ಲಿ ಪೆರುವಿಗೆ ತಲುಪಿತು. ಭಾರತದಲ್ಲಿ 2015ರಲ್ಲಿ ಬಿಹಾರದ ಕಟಿಹಾರ್ ಜಿಲ್ಲೆಯಲ್ಲಿ ಕಾಣಿಸಿಕೊಂಡು ಬಳಿಕ ಉತ್ತರ ಪ್ರದೇಶಕ್ಕೂ ಹರಡಿತು. ಇದನ್ನು ಮಣ್ಣಿನಿಂದ ಪೂರ್ತಿ ತೊಡೆದುಹಾಕುವ ಔಷಧಿ ಇಲ್ಲ. ಟ್ರೈಕೊಡರ್ಮಾದಂಥ ಮಿತ್ರ ಶಿಲೀಂಧ್ರಗಳನ್ನು ಮಣ್ಣಿಗೆ ಕೊಟ್ಟು ರೋಗವನ್ನು ಹತೋಟಿಯಲ್ಲಿಡುವ ಪ್ರಯತ್ನ ನಡೆದಿದೆ.

ಉಳಿದಂತೆ ಮಾಡಬಹುದಾದದ್ದು ಒಂದೇ, ಒಂದು ಹೊಲದ ಮಣ್ಣು ಇನ್ನೊಂದಕ್ಕೆ ಹೋಗದಂತೆ ನೋಡಿಕೊಳ್ಳುವುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 2015ರಲ್ಲಿ ಒಂದು ತೋಟದಲ್ಲಿ ಟಿಆರ್-4 ಕಂಡಾಗ, ಮರುವರ್ಷ ಬಾಳೆ ಬೆಳೆಗಾರರ ಸಂಘವೇ ಆ ತೋಟವನ್ನು ಕೊಂಡು ಮುಚ್ಚಿಸಿತು. ಸುತ್ತಲಿನ ತೋಟಗಳ ಬಾಗಿಲಲ್ಲಿ ಬೂಟು, ವಾಹನದ ಗಾಲಿ ತೊಳೆಯುವ ತೊಟ್ಟಿಗಳು ಬಂದವು. ರೋಗ ಅಲ್ಲಿ ಹರಡಿತು, ಆದರೆ ಬಹಳ ನಿಧಾನವಾಗಿ.

ಆಳಂದ, ಅಫಜಲಪುರ, ಜೇವರ್ಗಿಯ ಕಡೆ ಬಾಡಿಗೆಯ ಒಂದೇ ಟ್ರ್ಯಾಕ್ಟರ್ ದಿನಕ್ಕೆ ನಾಲ್ಕು ಹೊಲ ಸುತ್ತುವುದು ಸಾಮಾನ್ಯ. ಎರೆಮಣ್ಣು ಹಸಿಯಿದ್ದಾಗ ಗಾಲಿಗೆ ಹೆಂಟೆಹೆಂಟೆಯಾಗಿ ಅಂಟುತ್ತದೆ, ಮುಂದಿನ ಹೊಲದಲ್ಲಿ ಒಣಗಿ ಉದುರುತ್ತದೆ. ತೊಗರಿಯ ನೆಟೆಗೂ ಬಾಳೆಯ ಸೊರಗಿಗೂ ಅಷ್ಟು ಮಣ್ಣು ಸಾಕು. ರೋಗ ಕಂಡ ಹೊಲವನ್ನು ಕೊನೆಗೆ ಉಳುವುದು, ಉತ್ತ ಮೇಲೆ ಗಾಲಿ, ಕುಂಟೆ, ಸಲಿಕೆಗಳನ್ನು ಅಲ್ಲೇ ಕೆರೆದು ತೊಳೆಯುವುದು, ಒಣಗಿದ ಗಿಡವನ್ನು ಬೇರುಸಹಿತ ಕಿತ್ತು ಅಲ್ಲೇ ಸುಡುವುದು, ಕಂದು ಬೇಕಿದ್ದರೆ ತೋಟ ನೋಡಿ ತರುವುದು. ಇವಕ್ಕೆ ಖರ್ಚಾಗುವುದು ನಾಲ್ಕು ಕೊಡ ನೀರು ಮತ್ತು ಅರ್ಧ ಗಂಟೆ. ಟ್ರ್ಯಾಕ್ಟರಿನವನು ಬಾಡಿಗೆ ಲೆಕ್ಕ ಹಾಕುವುದು ಮಾತ್ರ ಗಂಟೆಯ ಮೇಲೆ.